‘ಊಟ ಆಯ್ತಾ’ ಅಂತ ಕೇಳಿದರೆ ಸಾಕೇ?

ಮದ್ರಾಸಿನಲ್ಲಿ ಅಂಬತ್ತೂರಿನ ಕಾರ್ಖಾನೆಗಳ ಬದಿಗೆ ಕಿಟ್ಟಣ್ಣನ ಸಸ್ಯಾಹಾರಿ ಹೋಟೆಲು. ಗಲ್ಲಾದಲ್ಲಿ ಕುಳಿತಿದ್ದರೂ ಅವನ ಕಣ್ಣೆಲ್ಲ ಗಿರಾಕಿ ಎದ್ದುಹೋದ ಎಲೆಯ ಮೇಲೆ. ಎಲೆಯಲ್ಲಿ ಪಲ್ಯ ಉಳಿದರೆ ಅಡುಗೆಯವನಿಗೆ ವಿಚಾರಣೆ. ಎಲೆ ಖಾಲಿಯಾದರೆ ಎಲ್ಲವೂ ಕ್ಷೇಮ. ‘ಊಟ ಬಲ್ಲವನಿಗೆ ರೋಗವಿಲ್ಲ’ ಅನ್ನುವುದು ಅವನ ನೆಚ್ಚಿನ ಗಾದೆ. ಅದರ ಉಳಿದರ್ಧ ಮಾತಿನ ಬಗ್ಗೆ ಇದೆ. ಅದರ ಗೊಡವೆಗೆ ಅವನು ಹೋದವನಲ್ಲ.

ಮನೆಯಲ್ಲೂ ಅದೇ ಅಳತೆ. ಮಗಳು ಪ್ರಣಮ್ಯಾ ಪ್ಲಸ್ ಟೂ ಓದುತ್ತಿದ್ದಳು. ಆಕೆಯಲ್ಲಿ ಏನೋ ಬದಲಾಗಿದ್ದು ಮೊದಲು ಕಂಡದ್ದು ತಾಯಿ ಸರಸಳಿಗೆ.

“ಕೇಳಿದ್ರಾ? ಇವಳು ಬ್ಯಾಡ್ಮಿಂಟನ್‌ಗೆ ಹೋಗುದು ಬಿಟ್ಟೇ ಬಿಟ್ಟಿದ್ದಾಳೆ. ಸ್ನೇಹಿತೆಯರು ಫೋನ್ ಮಾಡಿದ್ರೂ ಎತ್ತುದಿಲ್ಲ. ಯಾವಾಗ ನೋಡಿದ್ರೂ ಗೋಡೆ ನೋಡ್ತಾ ಮಲಗಿರ್ತಾಳೆ.”

“ಊಟ ಮಾಡ್ತಾಳಲ್ಲ?”

“ಮಾಡ್ತಾಳೆ.”

“ಮತ್ತೆಂತ ಮಾರಾಯ್ತಿ? ಪರೀಕ್ಷೆಯ ಹೆದರಿಕೆ. ಎಲ್ಲ ಮಕ್ಕಳಿಗೂ ಇರ್ತದೆ.”

ಆದರೂ ಅವತ್ತು ಮಗಳನ್ನು ಕೇಳಿದ. “ಎಂತ ಮಗಾ, ಹುಷಾರಿಲ್ವಾ?”

“ಒಣ್ಣುಮಿಲ್ಲಪ್ಪಾ.” ಏನಿಲ್ಲ ಅಂತ ತಮಿಳಿನಲ್ಲೇ ಉತ್ತರ ಬಂತು. ತಟ್ಟೆಯನ್ನು ಚೊಕ್ಕವಾಗಿ ಖಾಲಿ ಮಾಡಿ, ತೊಳೆದಿಟ್ಟು ಒಳಗೆ ಹೋದಳು. ಕಿಟ್ಟಣ್ಣ ನೆಮ್ಮದಿಯಿಂದ ಟಿವಿ ಹಾಕಿದ.

ಸರಸಳಿಗೆ ನೆಮ್ಮದಿ ಇರಲಿಲ್ಲ. ಟಿ. ನಗರದ ಮಠಕ್ಕೆ ಹೋಗಿ ಮಂತ್ರಾಕ್ಷತೆ ತಂದು ಮಗಳ ತಲೆಗೆ ಹಾಕಿದಳು. ಮಹಡಿ ಮನೆಯ ವೆಂಕಟಲಕ್ಷ್ಮಿಯವರ ಹತ್ತಿರ ಮನಸ್ಸು ಬಿಚ್ಚಿ ಹೇಳಿಕೊಂಡಳು. ಅವರದು ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮನೆತನ. ಕೆಲಸ ಬ್ಯಾಂಕಿನಲ್ಲಿ. ಭಾನುವಾರ ಅವರೇ ಇಳಿದು ಬಂದರು.

“ನಮ್ಮ ಮಗ ಸತ್ಯಾತ್ಮನಿಗೂ ಕಾಲೇಜು ಸೇರಿದಾಗ ಹೀಗೇ ಆಗಿತ್ತು ಕಣ್ರೀ. ಮನಸ್ಸಿನ ಡಾಕ್ಟರಿಗೆ ತೋರಿಸಿದ್ವಿ. ಈಗ ಪರವಾಯಿಲ್ಲ, ಕೆಲಸಕ್ಕೆ ಹೋಗ್ತಿದಾನೆ.”

“ಅದು ತಲೆ ಕೆಟ್ಟವರಿಗೆ ಅಲ್ವಾ ಅಕ್ಕ, ಆ ಡಾಕ್ಟರು?” ಎಂದ ಕಿಟ್ಟಣ್ಣ.

“ಕಣ್ಣು ಮಂಜಾದ್ರೆ ಕಣ್ಣಿನ ಡಾಕ್ಟರ ಹತ್ರ ಹೋಗ್ತೀರಲ್ಲ. ಹೋದವರೆಲ್ಲ ಕುರುಡರಾ?”

“ಹಾಗಲ್ಲ ಅಕ್ಕ. ದೇವರ ಪ್ರಸಾದ ತಂದಾಯ್ತು. ಡಾಕ್ಟರ ಹತ್ರ ಹೋದದ್ದು ನಮ್ಮ ಕಡೆಯ ಹೋಟೆಲಿನವರಿಗೆ ಗೊತ್ತಾದ್ರೆ ಊರಿಗೆಲ್ಲ ಸುದ್ದಿ. ನಾಳೆ ಹುಡುಗಿಗೆ ಒಂದು ಸಂಬಂಧ ಬರುದು ಬೇಡ್ವಾ?”

“ಪೂಜೆ ಬೇಡ ಅನ್ನಲ್ಲ. ಡಾಕ್ಟರೂ ಬೇಕು. ಸಂಬಂಧ ಬರೋ ಹೊತ್ತಿಗೆ ಹುಡುಗಿ ಇರ್ಬೇಕಲ್ಲ ಕಿಟ್ಟಣ್ಣ.”

ಕಿಟ್ಟಣ್ಣನ ಮುಖದ ಬಣ್ಣವೇ ಹೋಯಿತು.

ವೆಂಕಟಲಕ್ಷ್ಮಿ ಮೆಲ್ಲಗೆ ಹೇಳಿದರು. “ಹೆದರಿಸೋಕೆ ಹೇಳ್ತಿಲ್ಲ. ಅವಳ ಪಕ್ಕ ಕೂತ್ಕೊಳಿ. ಬುದ್ಧಿ ಹೇಳ್ಬೇಡಿ, ಬೇರೆ ಮಕ್ಕಳ ಜೊತೆ ಹೋಲಿಸ್ಬೇಡಿ. ಬದುಕು ಬೇಡ ಅನ್ಸತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ. ಇದ್ರೆ ಹೊರಗೆ ಬರತ್ತೆ.”

ಮರುದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಕಿಟ್ಟಣ್ಣ ಮನೆಗೆ ಬಂದ. ಮಗಳ ಮಂಚದ ಪಕ್ಕ ನೆಲದ ಮೇಲೆ ಕುಳಿತ. ‘ಊಟ ಆಯ್ತಾ’ ಎಂಬ ಮಾತು ನಾಲಗೆಗೆ ಬಂತು. ನುಂಗಿಕೊಂಡ. ಅದನ್ನು ಬಿಟ್ಟರೆ ಮಗಳನ್ನು ಕೇಳಲು ತನಗೆ ಬೇರೆ ಪ್ರಶ್ನೆಯೇ ಇಲ್ಲವೆಂದು ಅವನಿಗೆ ಆಗ ಗೊತ್ತಾಯಿತು.

“ಮಗಾ, ನಿಂಗೆ ಒಳಗೊಳಗೆ ಎಂತ ಆಗ್ತಾ ಉಂಟು? ನಾನು ಬೈಯುದಿಲ್ಲ.”

ಅವಳು ಗೋಡೆಯತ್ತ ಹೊರಳಿದಳು. ಅವನು ಏಳಲಿಲ್ಲ. ತುಂಬಾ ಹೊತ್ತಾದ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಏನೂ ಬೇಡ ಅನ್ನಿಸ್ತದೆ ಅಪ್ಪ. ತಿನ್ಲಿಕ್ಕೂ ಮನಸ್ಸಿಲ್ಲ. ತಟ್ಟೆ ಖಾಲಿ ಮಾಡಿದ್ರೆ ನೀವು ಮತ್ತೆ ಏನೂ ಕೇಳುದಿಲ್ಲ. ಅದಕ್ಕೇ ತಿಂತೇನೆ.”

ಊರವರ ಎಲೆಯನ್ನೆಲ್ಲ ನೋಡಿದವನು ಮನೆಯ ಮಗಳ ಮುಖ ನೋಡಿರಲಿಲ್ಲ.

“ಬದುಕುದೇ ಬೇಡ ಅಂತ ಅನ್ನಿಸ್ತದಾ ಮಗಾ?”

ಅವಳು ಹೌದೆಂದು ತಲೆ ಆಡಿಸಿದಳು. “ಮಲಗಿದವಳು ಏಳದಿದ್ರೆ ಸಾಕು ಅನ್ನಿಸ್ತದೆ. ಯಾಕೆ ಅಂತ ಗೊತ್ತಿಲ್ಲ.” ಮಾತು ಅಳುವಾಯಿತು.

“ಹೇಳಿದ್ದು ಒಳ್ಳೇದಾಯ್ತು. ಇನ್ನು ನೀನು ಒಬ್ಬಳೇ ಹೊರುದು ಬೇಡ. ನಾವಿದ್ದೇವೆ.” ಅವನೂ ಅತ್ತ.

ಆ ದಿನ ಹೋಟೆಲಿನ ಕಡೆ ಅವನು ತಲೆ ಹಾಕಲಿಲ್ಲ. ಮಗಳನ್ನು ಒಂಟಿಯಾಗಿ ಬಿಡಲಿಲ್ಲ. ವೆಂಕಟಲಕ್ಷ್ಮಿ ಕೊಟ್ಟ ಸಹಾಯವಾಣಿ 14416 ನಂಬರಿಗೆ ಗಂಡ ಹೆಂಡತಿ ಫೋನ್ ಮಾಡಿದರು. ಆ ಕಡೆಯವರು ಪ್ರಣಮ್ಯಾಳ ಮಾತನ್ನು ಸಮಾಧಾನದಿಂದ ಕೇಳಿದರು. ತಡಮಾಡದೆ ಮನೋವೈದ್ಯರನ್ನು ಕಾಣಿ ಎಂದರು. ಮರುದಿನ ಬೆಳಿಗ್ಗೆಯೇ ಮೂವರೂ ಆಸ್ಪತ್ರೆಗೆ ಹೊರಟರು.

ಡಾಕ್ಟರು ಮೊದಲು ಪ್ರಣಮ್ಯಾ ಒಬ್ಬಳೊಂದಿಗೇ ಮಾತಾಡಿದರು. ಆಮೇಲೆ ತಂದೆ ತಾಯಿಯನ್ನು ಕರೆದರು. “ಇದು ಖಿನ್ನತೆ. ಸೋಮಾರಿತನ ಅಲ್ಲ, ನಾಟಕ ಅಲ್ಲ. ಚಿಕಿತ್ಸೆ ಇದೆ. ನಿಧಾನವಾಗಿ ಸರಿಹೋಗುತ್ತೆ. ಮಧ್ಯದಲ್ಲಿ ನಿಲ್ಲಿಸಬೇಡಿ” ಎಂದರು.

ಹೊರಗೆ ಬಂದರೆ ಎದುರಿಗೆ ರಾಘವೇಂದ್ರ. ಟಿ. ನಗರದಲ್ಲಿ ಹೋಟೆಲು ಇಟ್ಟವನು, ಕಿಟ್ಟಣ್ಣನ ಊರಿನ ಕಡೆಯವನು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಿದ್ದ.

“ಎಂತ ಕಿಟ್ಟಣ್ಣ, ಇಲ್ಲಿ?”

ಹೊಟ್ಟೆನೋವು ಎಂದುಬಿಟ್ಟರೆ ಮುಗಿಯುತ್ತಿತ್ತು. ಪ್ರಣಮ್ಯಾ ತಲೆ ತಗ್ಗಿಸಿದಳು. ಅಪ್ಪ ಅದನ್ನೇ ಹೇಳುತ್ತಾರೆ ಎಂದೇ ಅವಳು ಅಂದುಕೊಂಡಿದ್ದಳು.

“ಮಗಳ ಮನಸ್ಸಿಗೆ ಹುಷಾರಿಲ್ಲ ರಾಘವೇಂದ್ರ. ಮನಸ್ಸಿನ ಡಾಕ್ಟರಿಗೆ ತೋರಿಸ್ಲಿಕ್ಕೆ ಬಂದದ್ದು” ಎಂದ ಕಿಟ್ಟಣ್ಣ. ಸ್ವರ ತಗ್ಗಿಸಲಿಲ್ಲ.

ಪ್ರಣಮ್ಯಾ ತಲೆಯೆತ್ತಿ ಅಪ್ಪನನ್ನು ನೋಡಿದಳು.

ರಾಘವೇಂದ್ರ ಹತ್ತಿರ ಬಂದ. ಸುದ್ದಿ ಹಬ್ಬಿಸುವವನ ಮುಖ ಅದಾಗಿರಲಿಲ್ಲ. ಬೇರೆಯವರಿಗೆ ಕೇಳಬಾರದು ಎನ್ನುವ ಹಾಗೆ ಹೇಳಿದ. “ನಮ್ಮ ಮಗ ದೀಕ್ಷಿತ್ ಶಾಲೆಗೆ ಹೋಗದೆ ಬಾಗಿಲು ಹಾಕ್ಕೊಂಡು ಕೂತಿದ್ದಾನೆ. ಯಾರ ಹತ್ರ ಹೇಳುದು ಅಂತ ಗೊತ್ತಾಗ್ಲಿಲ್ಲ. ಯಾವ ರೂಮು ಅದು?”

ಕಿಟ್ಟಣ್ಣ ಬಾಯಿ ತೆರೆಯುವ ಮೊದಲೇ ಪ್ರಣಮ್ಯಾ ಕೈ ತೋರಿಸಿದಳು. “ಅದು, ಕಡೇ ಬಾಗಿಲು ಅಂಕಲ್. ಅವನನ್ನು ಕರ್ಕೊಂಡು ಬನ್ನಿ.”

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಉಂಡಿತು, ಓದಿತು ಎಂದು ಸುಮ್ಮನಾಗಬೇಡಿ. ಆಟ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ನಿದ್ದೆ ಕೆಟ್ಟರೆ, ಎರಡು ವಾರವಾದರೂ ಮಂಕು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಬದುಕು ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಕ್ಕಳೇ, ನೀವೂ ಕೇಳಿ. ಮನಸ್ಸು ನೋಯುವುದು ನಿಮ್ಮ ತಪ್ಪಲ್ಲ. ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.

ಇವತ್ತೇ ನಿಮ್ಮ ಮಗುವಿನ ಪಕ್ಕ ಹೋಗಿ ಕುಳಿತುಕೊಳ್ಳಿ. ಹೇಗಿದ್ದೀಯ ಎಂದು ಕೇಳಿ. ಉತ್ತರ ಬರುವ ತನಕ ಏಳಬೇಡಿ.