ಬೆರಳಿನಲ್ಲಿ ಕೊಟ್ಟ ಸೊಲ್ಲು

ಅರಕೆರೆಯ ಆ ಮನೆಯಲ್ಲಿ ಮರುದಿನ ಪವಿತ್ರಳಿಗೆ ಅರಿಶಿನ ಹಚ್ಚಬೇಕು, ಸೋಬಾನೆಗೆ ಮಾತ್ರ ದಿಕ್ಕಿಲ್ಲ. ಪವಿತ್ರಳ ತಂಗಿ ಹೇಮಶ್ರೀಗೆ ಅದೇ ಚಿಂತೆ. ಅಜ್ಜಿ ಜಯಲಕ್ಷ್ಮಮ್ಮ ಸೊಲ್ಲೆತ್ತಿದರೆ ಅದನ್ನು ಹಿಡಿದು ತಿರುಗಿ ಹಾಡುತ್ತಿದ್ದ ಜೊತೆಗಾತಿ ನಿಂಗಮ್ಮನಿಗೆ ಗಂಟಲು ಕಟ್ಟಿತ್ತು.

"ಸೋಬಾನೆ ಒಬ್ಳೇ ಹಾಡ್ಬಾರ್ದು ಕಣವ್ವ," ಎಂದು ಅಜ್ಜಿ ಕೈಚೆಲ್ಲಿದ್ದಳು.

ಹೇಮಶ್ರೀ ಲ್ಯಾಪ್‌ಟಾಪಿಗೆ ಜೋಡಿಸಿ ನುಡಿಸುವ ತನ್ನ ಪುಟ್ಟ ಮಿಡಿ ಕೀಬೋರ್ಡನ್ನು ತಂದು ನಿಂಗಮ್ಮನ ತೊಡೆಯ ಮೇಲಿಟ್ಟಳು. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದ ಹಾಗೆ, ಅದರ ದನಿಯೆಲ್ಲ ಲ್ಯಾಪ್‌ಟಾಪಿನೊಳಗಿತ್ತು. ಒಂದೇ ಕೀ ಒತ್ತಿದರೆ ಮೂರು ಹೆಂಗಸರು ಒಟ್ಟಿಗೆ ದನಿಗೂಡಿಸುವಂತೆ, ಅಜ್ಜಿಯ ಶ್ರುತಿಗೇ ಸ್ವರಗಳನ್ನು ಹೊಂದಿಸಿದ್ದಳು.

ಅಜ್ಜಿ ಒಂದು ಸಾಲು ಹಾಡಿದಳು. ನಿಂಗಮ್ಮ ಒತ್ತಿದಳು. ಮೂರು ದನಿಗಳು ಎದ್ದವು, ನಿಲ್ಲಲೇ ಇಲ್ಲ. ಮುಂದಿನ ಸಾಲಿಗೆ ಬಾಯಿ ತೆರೆದ ಅಜ್ಜಿ ಮರ್ಯಾದೆಯಿಂದ ಕಾದಳು, ಇನ್ನೂ ಕಾದಳು.

"ಇದ್ಯಾರವ್ವ ಇವ್ರು, ಉಸ್ರೇ ಎಳ್ಕಳಾಕಿಲ್ವಲ್ಲ! ನಂಗೂ ಒಸಿ ಹಾಡಾಕೆ ಬುಡಾಕೆ ಹೇಳು!"

"ನಿಂಗಜ್ಜೀ, ಬೆರಳೆತ್ತು!" ಹೇಮಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಿಂಗಮ್ಮ ಬೆಚ್ಚಿ ಬೆರಳೆತ್ತಿದ್ದೇ ತಡ, ಮೂವರೂ ಗಪ್‌ಚಿಪ್ಪಾದರು. ಅಜ್ಜಿ ಮತ್ತೆ ಸೊಲ್ಲೆತ್ತಿದಳು. ಈ ಸಲ ನಿಂಗಮ್ಮ ತಾನೇ ಹಾಡುವವಳಂತೆ ಉಸಿರೆಳೆದುಕೊಂಡು ಒತ್ತಿದಳು, ಉಸಿರು ಮುಗಿದಾಗ ಬಿಟ್ಟಳು. ಸೋಬಾನೆ ಕೂಡಿ ಬಂತು.

"ನಾಳೀಕೆ ಒಳ್ಳೆ ಸೀರೆ ಉಟ್ಕಬಾ ನಿಂಗಿ," ಅಂದಳು ಅಜ್ಜಿ. "ಮೂರ್ ಜನುದ್ ಪರ್ವಾಗಿ ನೀನೊಬ್ಳೇ ಕುಂತ್ಕಬೇಕು."

ಕಟ್ಟಿದ ಗಂಟಲಲ್ಲೇ ನಿಂಗಮ್ಮ ಪಿಸುಗುಟ್ಟಿದಳು: "ಅಂಗಾರೆ ಊಟ್ಕೂ ನಂಗೆ ಮೂರ್ ಎಲೆ ಹಾಕ್ಸಕ್ಕ."