ದೊಡ್ಡ ಚುಕ್ಕೆ, ಸಣ್ಣ ಚುಕ್ಕೆ

ಬೆಳಗಿನಿಂದ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ಅಕ್ಕನ ಭುಜ ಬಿದ್ದುಹೋಗಿತ್ತು. ಮನೆಗೆ ಹೋಗಿ ಕಾಲು ಚಾಚೋಣವೆಂದರೆ ತಮ್ಮ ಬಿಡಬೇಕಲ್ಲ! ತನ್ನ ಕ್ಷೌರದಂಗಡಿಗೆ ಬೀಗ ಜಡಿದು ಬಂದು ಲಾಂಡ್ರಿಯ ಬಾಗಿಲಲ್ಲೇ ನಿಂತಿದ್ದ. "ಇವತ್ತು ನಾಳೆ ಅಂತ ತಿಂಗಳಾಯ್ತು. ನಡಿ, ಅದೇನೋ ಚುಕ್ಕೆ ತಗೊಂಡು ಬರೋಣ" ಎಂದ.

ಚುಕ್ಕೆ ಅಂದರೆ ರೆಡ್ ಡಾಟ್. ಅಕ್ಕ ವಾರಕ್ಕೊಮ್ಮೆ ಕ್ಲಬ್ಬಿಗೆ ಹೋಗಿ ಸಣ್ಣ ಗುಂಡಿನ ಪಿಸ್ತೂಲಿನಿಂದ ಕಾಗದದ ಗುರಿಗೆ ಹೊಡೆಯುವವಳು. ಅಪ್ಪ ಕಲಿಸಿದ ವಿದ್ಯೆ ಅದು. ಅಪ್ಪನಿಗೆ ನಡುಕದ ಕಾಯಿಲೆ ಬಂದ ಮೇಲೆ ಪಿಸ್ತೂಲು ಅವಳ ಪಾಲಿಗೆ ಬಂತು. ಅಪ್ಪನ ಅಂಗಿಗೆ ಗುಂಡಿ ಹಾಕುವುದು, ತುತ್ತು ತಿನ್ನಿಸುವುದು, ಅದೂ ಅವಳ ಪಾಲಿಗೇ ಬಂತು. ಈಗ ನಲವತ್ತು ದಾಟಿದ ಕಣ್ಣಿಗೆ ಪಿಸ್ತೂಲಿನ ತುದಿಯ ಗುರಿ ಹಿಡಿಯುವ ಕಬ್ಬಿಣದ ಕಡ್ಡಿ ಮಂಜುಮಂಜು. ರೆಡ್ ಡಾಟ್ ಹಾಕಿಸಿಕೋ ಎಂದು ಕ್ಲಬ್ಬಿನವರೆಲ್ಲ ಹೇಳಿದ್ದರು. ಪುಟ್ಟ ಗಾಜು, ಅದರೊಳಗೊಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡೂ ಅಲ್ಲಿಗೇ.

ಬಂದೂಕಿನ ಅಂಗಡಿಯಾತ ಮರದ ಪಿಸ್ತೂಲೊಂದಕ್ಕೆ ಗಾಜು ಸಿಕ್ಕಿಸಿ ಕೊಟ್ಟು, ಎದುರು ಗೋಡೆಯ ಮೇಲಿನ ಕಪ್ಪು ವೃತ್ತ ತೋರಿಸಿದ. ಅಕ್ಕ ಕೈ ಚಾಚಿ ಹಿಡಿದಳು. ಗುಂಡುಸೂಜಿಯ ತಲೆಯಷ್ಟು ಸಣ್ಣ ಚುಕ್ಕೆ. ವೃತ್ತದೊಳಗೆ ನಿಲ್ಲುವುದಿರಲಿ, ಗೋಡೆಯ ತುಂಬ ಕುಣಿಯತೊಡಗಿತು.

"ಇದು ಸರಿಯಿಲ್ಲ. ಬೇರೆ ಕೊಡಿ" ಎಂದಳು.

ಬೇರೆಯದೂ ಕುಣಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕ ಅಂಗಡಿಯ ಸಾಮಾನೆಲ್ಲ ಡೊಂಕು ಅಂದಳು.

"ಎಲ್ಲರ ಕೈಯಲ್ಲೂ ಕುಣಿಯುತ್ತಮ್ಮ" ಎಂದ ಅಂಗಡಿಯಾತ. "ಕೈ ಅಲ್ಲಾಡೋದು ಹಳೇ ಕಡ್ಡೀಲಿ ಕಾಣ್ತಿರ್ಲಿಲ್ಲ, ಇದ್ರಲ್ಲಿ ಕಾಣುತ್ತೆ. ಅಷ್ಟೇ."

ವ್ಯಾಪಾರದವರು ಇನ್ನೇನು ಹೇಳಿಯಾರು? ಅಪ್ಪನ ಕಾಯಿಲೆ ಮಕ್ಕಳಿಗೂ ಬರಬಹುದಂತೆ ಎಂದು ಯಾರೋ ಹೇಳಿದ ದಿನದಿಂದ ಅವಳು ತನ್ನ ಕೈಯನ್ನು ಕಳ್ಳನನ್ನು ಕಾಯುವ ಹಾಗೆ ಕಾಯುತ್ತಿದ್ದಳು. ಈಗ ಸಿಕ್ಕಿಬಿದ್ದಿತು ಅನ್ನಿಸಿತು. ಈ ಹಾಳು ಚುಕ್ಕೆಯ ಗುಣವೇನೆಂದರೆ, ಹಿಡಿದವರ ಕಣ್ಣಿಗೆ ಬಿಟ್ಟು ಇನ್ನೊಬ್ಬರಿಗೆ ಕಾಣುವುದಿಲ್ಲ. ಕುಣಿಯುತ್ತಿದೆಯೋ ಇಲ್ಲವೋ ನೋಡಿ ಹೇಳಿ ಎನ್ನಲು ದಾರಿಯಿಲ್ಲ. ಪಿಸ್ತೂಲನ್ನು ತಮ್ಮನ ಕೈಗೆ ತುರುಕಿದಳು. "ನೋಡೋ, ನಿಂಗೂ ಕುಣಿಯುತ್ತಾ?"

ತಮ್ಮ ಒಂದು ಕಣ್ಣು ಮುಚ್ಚಿ ಹಿಡಿದ. "ಇಲ್ವಲ್ಲ! ಬಂಡೆ ಥರ ನಿಂತಿದೆ. ಕತ್ತಿ ಹಿಡಿಯೋ ಕೈ ಅಂದ್ರೆ ಸುಮ್ನೇನಾ?"

ಅಂಗಡಿಯಾತ ಮೂರನೆಯದನ್ನು ಕೊಟ್ಟ. ಅದರ ಚುಕ್ಕೆ ದೊಡ್ಡದು, ಕಪ್ಪು ವೃತ್ತವನ್ನೇ ಅರ್ಧ ನುಂಗುವಂಥದ್ದು. ಎಷ್ಟೇ ಅಲ್ಲಾಡಿದರೂ ವೃತ್ತದ ಮೇಲೇ ಇದ್ದ ಹಾಗಿತ್ತು. "ಇದೇ ಇರಲಿ" ಎಂದಳು. ದಾರಿಯುದ್ದಕ್ಕೂ ತಮ್ಮ ಏನೇನೋ ತಮಾಷೆ ಮಾಡಿದ, ಅವಳು ತನ್ನ ಕೈಯನ್ನೇ ನೋಡುತ್ತ ನಡೆದಳು.

ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. "ತೋರಿಸು ತೋರಿಸು" ಎಂದು ಅವಸರ ಮಾಡಿದ. ಅಕ್ಕ ಗಾಜನ್ನು ಅವನ ಕಣ್ಣೆದುರು ಹಿಡಿದಳು. ಅವನು ಬಹಳ ಹೊತ್ತು ನೋಡಿದ.

"ದೊಡ್ಡ ಚುಕ್ಕೆ ಯಾಕೆ ತಂದೆ?"

"ಚೆನ್ನಾಗಿ ಕಾಣುತ್ತಲ್ಲಪ್ಪ."

"ಕಾಣಬಾರದು ಅಂತ ತಂದಿದೀಯ." ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾನೂ ಹೀಗೇ ಒಂದು ತಂದಿದ್ದೆ. ಅದರ ಹಿಂದೆ ಬಚ್ಚಿಟ್ಕೊಂಡು ಡಾಕ್ಟರ ಕಡೆ ತಲೇನೇ ಹಾಕಲಿಲ್ಲ. ಕೊನೆಗೆ ಗೊತ್ತಾದ ದಿನ ಅದನ್ನ ನೆಲಕ್ಕೆ ಕುಕ್ಕಿ ಒಡೆದೆ."

"ಹಾಗಾದ್ರೆ ನಂಗೂ ಬಂತಾ ಅಪ್ಪಾ?"

"ಥೂ, ಬಿಡ್ತು ಅನ್ನು! ಕೈ ಚಾಚಿ ಹಿಡಿದರೆ ಯಾರದಾದ್ರೂ ಅಲ್ಲಾಡುತ್ತೆ. ನಂದು ಹಾಗಲ್ಲ ಮಗಾ. ಸುಮ್ನೆ ತೊಡೆ ಮೇಲೆ ಇಟ್ಟಾಗ ಶುರುವಾಗುತ್ತೆ. ಡಾಕ್ಟ್ರು ಮೊದಲು ನೋಡಿದ್ದೇ ಅದನ್ನ. ಎಲ್ಲಿ, ಇಡು ಕೈ."

ದಿನವೂ ಕಣ್ಣೆದುರೇ ಇದ್ದರೂ ಅಕ್ಕ ಇದನ್ನು ಗಮನಿಸಿರಲಿಲ್ಲ. ನಡುಕ ಅಂದರೆ ನಡುಕ ಅಂದುಕೊಂಡಿದ್ದಳು. ಅಪ್ಪನೆದುರು ಸ್ಟೂಲಿನ ಮೇಲೆ ಕೂತು, ಕೈಯನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು. ನೋಡುವ ಧೈರ್ಯ ಅವಳಿಗಿರಲಿಲ್ಲ. ಅಪ್ಪ ನೋಡಿದ.

"ಕಣ್ಣು ಬಿಡೇ."

ಅವಳ ಕೈ ಹಿಂಡಿಟ್ಟ ಬಟ್ಟೆಯ ಹಾಗೆ ಸುಮ್ಮನೆ ಬಿದ್ದಿತ್ತು. ದಣಿದಿತ್ತು, ಅಷ್ಟೇ. ಅಕ್ಕನಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಹೋದ ಜೀವ ಬಂದ ಹಾಗಾಗಿ, ತಮ್ಮನ ಕಡೆ ತಿರುಗಿ ಛೇಡಿಸಿದಳು. "ಎಲ್ಲರದೂ ಅಲ್ಲಾಡುತ್ತಂತೆ, ನಿಂದು ಮಾತ್ರ ಬಂಡೆ! ಬಾರೋ ಜಂಬದ ಕೋಳಿ, ನೀನೂ ಇಡು."

"ನಂಗೆ ಕೆಲ್ಸ ಇದೆ" ಎಂದ ತಮ್ಮ ಬಾಗಿಲ ಕಡೆ ಹೊರಟ.

"ಕೂತ್ಕೋ" ಎಂದ ಅಪ್ಪ.

ತಮ್ಮ ಹಾಗೇ ನಿಂತಿದ್ದ. ಆಮೇಲೆ ಬಂದು ಮಂಚದ ಅಂಚಿನಲ್ಲಿ ಕೂತು ಬಲಗೈಯನ್ನು ಮಂಡಿಯ ಮೇಲಿಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮತ್ತೆ ಹೆಬ್ಬೆರಳು ಮೆಲ್ಲಗೆ ತೋರುಬೆರಳನ್ನು ಉಜ್ಜತೊಡಗಿತು. ಎದುರು ಕುರ್ಚಿಯಲ್ಲಿ ಅಪ್ಪನ ಬೆರಳುಗಳೂ ಅದನ್ನೇ ಮಾಡುತ್ತಿದ್ದವು.

"ಅಂಗಡೀಲಿ ಯಾಕೋ ಸುಳ್ಳು ಹೇಳ್ದೆ?" ಅಕ್ಕನ ದನಿ ಸಣ್ಣದಾಗಿತ್ತು.

"ಕುಣಿಯುತ್ತೆ ಅಂದಿದ್ರೆ ನೀನು ನನ್ನ ಕೈ ನೋಡ್ತಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ಕತ್ತರಿ ಹಿಡಿದಾಗ ಬರಲ್ಲ ಅಕ್ಕಾ. ಕೆಳಗಿಟ್ಟ ಮೇಲೆ ಬರುತ್ತೆ. ಗಿರಾಕಿ ಇಲ್ದೇ ಇದ್ರೂ ಕತ್ತರಿ ಹಿಡ್ಕೊಂಡೇ ಕೂತಿರ್ತೀನಿ."

ಅಪ್ಪ ಮುಖ ಆ ಕಡೆ ತಿರುಗಿಸಿದ. ಅಕ್ಕ ಎದ್ದು ತಮ್ಮನ ಪಕ್ಕ ಕೂತಳು. ಅವನ ಕೈಯನ್ನು ಹಿಡಿದು ನಿಲ್ಲಿಸೋಣವೆಂದು ತನ್ನ ಕೈ ಮುಂದೆ ಮಾಡಿದವಳು, ಅದು ನಿಲ್ಲುವಂಥದ್ದಲ್ಲವೆಂದು ತಿಳಿದು, ಸುಮ್ಮನೆ ಅದರ ಮೇಲೆ ಇಟ್ಟಳು.

"ನಾಳೆ ಲಾಂಡ್ರಿಗೆ ರಜಾ ಹೇಳ್ತೀನಿ" ಎಂದಳು. "ಡಾಕ್ಟರ ಹತ್ರ ಇಬ್ಬರೂ ಹೋಗೋಣ."