ತಾಮ್ರದ ಪಟ್ಟಿಗಳು

"ನಲವತ್ತೆಂಟು ಅಂದ್ರೆ ನಲವತ್ತೆಂಟೇ," ಎಂದ ಸುಲೇವಿ, ಮಂಡಿಯೂರಿ ಕೂತವನು ತಲೆಯೆತ್ತದೆ. "ಹನ್ನೆರಡು ವೋಲ್ಟ್ ಇಟ್ಕೊಂಡು ಏನ್ ಮಾಡೋದು? ಒಂದು ದೀಪ ಹಚ್ಚಿ ಒಬ್ಬರ ಮುಖ ಒಬ್ಬರು ನೋಡ್ತಾ ಕೂರೋದಾ?"

"ಇಷ್ಟು ವರ್ಷ ಹಾಗೇ ಕೂತಿದ್ವಲ್ಲ ಮುದುಕಾ. ಮುಖವೇನೂ ಸವೆದಿಲ್ಲ," ಎಂದಳು ಹೆಂಡತಿ ಇರ್ಯಾ.

ದೋಣಿ ಇಡುವ ಕೊಟ್ಟಿಗೆಯ ನೆಲದ ಮೇಲೆ ನಾಲ್ಕು ಹೊಸ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಒಂದೊಂದೂ ಹನ್ನೆರಡು ವೋಲ್ಟಿನದು. ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ತಾಮ್ರದ ಪಟ್ಟಿಗಳಿಂದ ಬೆಸೆದರೆ ನಲವತ್ತೆಂಟು. ಮೂರು ಪಟ್ಟಿಗಳೂ ಇರ್ಯಾಳ ಏಪ್ರನ್ ಜೇಬಿನಲ್ಲಿದ್ದವು. ಕೇಳಿದಾಗ ಒಂದೊಂದಾಗಿ ಕೊಡುವುದು ಅವಳ ಕೆಲಸ.

ಹೊರಗೆ ಬರ್ಚ್ ಮರದ ಎಲೆಗಳು ಹಳದಿಯಾಗಿ ಸರೋವರಕ್ಕೆ ಉದುರುತ್ತಿದ್ದವು. ಬೇರೆ ವರ್ಷಗಳಲ್ಲಾದರೆ ಈ ಹೊತ್ತಿಗೆ ದ್ವೀಪದ ಈ ಮರದ ಮನೆಗೆ ಬೀಗ ಹಾಕಿ ಸಾವೊನ್‌ಲಿನ್ನ ಪಟ್ಟಣದ ತಮ್ಮ ಮನೆಗೆ ಹೊರಡುವ ತಯಾರಿ. ಆದರೆ ಸುಲೇವಿ ವಸಂತದಲ್ಲಿ ನಿವೃತ್ತನಾಗಿದ್ದ. ಈ ಚಳಿಗಾಲವೆಲ್ಲ ಇಲ್ಲೇ ಎಂದಿದ್ದ. ನವೆಂಬರಿನಲ್ಲಿ ನೀರು ಹೆಪ್ಪುಗಟ್ಟತೊಡಗಿದರೆ ಕೆಲವು ವಾರ ಮಂಜುಗಡ್ಡೆ ನಡೆಯುವವರ ಭಾರವನ್ನೂ ಹೊರದು, ದೋಣಿಯನ್ನೂ ಬಿಡದು. ಆ ವಾರಗಳನ್ನು ನೆನೆದಾಗಲೆಲ್ಲ ಇರ್ಯಾ ದೋಣಿ ಕಟ್ಟಿದ್ದ ಕಡೆ ನೋಡುತ್ತಿದ್ದಳು. ಹನ್ನೆರಡು ವೋಲ್ಟೇ ಉಳಿದರೆ ಫ್ರೀಜರ್ ಓಡದು, ನೀರಿನ ಪಂಪು ಓಡದು. ಸುಲೇವಿಯೂ ತಾನಾಗಿ ಊರಿಗೆ ಹೊರಟಾನು. ಅವಳಿಗೆ ಕಂಡ ಬಾಗಿಲು ಅದೊಂದೇ.

"ಹನ್ನೆರಡಾದ್ರೆ ತಂತಿ ನನ್ನ ಹೆಬ್ಬೆರಳಿನಷ್ಟು ದಪ್ಪ ಬೇಕು ಕಣೇ. ಇಲ್ಲಿಂದ ಮನೆ ಮುಟ್ಟೋಷ್ಟ್ರಲ್ಲಿ ಅರ್ಧ ಕರೆಂಟು ದಾರೀಲೇ ಸೋರಿಹೋಗತ್ತೆ. ಕೊಡು ಒಂದು."

ಕೊಟ್ಟಳು. ಅವನು ತಿರುಪು ಬಿಗಿದ.

"ನಮ್ಮಪ್ಪನ ದೀಪ ಹನ್ನೆರಡರದು. ಅದು ಸುಟ್ಟುಹೋಗಲ್ವಾ?"

"ಅದಕ್ಕೇಂತ ಬೇರೆ ಡಬ್ಬಿ ತಂದಿದೀನಿ, ನಲವತ್ತೆಂಟನ್ನ ಹನ್ನೆರಡಕ್ಕೆ ಇಳಿಸತ್ತೆ. ನಿಮ್ಮಪ್ಪನ ದೀಪ ಮರೀತೀನಾ ನಾನು? ಇನ್ನೊಂದು ಕೊಡು."

ಅದನ್ನೂ ಕೊಟ್ಟಳು.

"ಊರಲ್ಲಿ ನನ್ನ ಗುರುವಾರದ ಹಾಡಿನ ಗುಂಪು?" ಎಂದಳು ಮೆಲ್ಲಗೆ.

ಸುಲೇವಿಯ ಮುಖ ಅರಳಿತು. "ಹೇಳಬಾರ್ದು ಅಂತಿದ್ದೆ. ಕೀಬೋರ್ಡ್ ತಂದಿದೀನಿ, ಹಲಗೆ ರಾಶಿ ಹಿಂದೆ ಇದೆ. ಎಷ್ಟು ಬೇಕಾದ್ರೂ ನುಡಿಸು. ಬೈಯೋಕೆ ಊರಲ್ಲಿ ಪಕ್ಕದ ಮನೆಯವಳಿದಾಳಲ್ಲ ರೈಲಿ, ಅವಳೂ ಇಲ್ಲಿರಲ್ಲ."

ಇರ್ಯಾ ಹಲಗೆಗಳ ಕಡೆ ನೋಡಿದಳು. ತೇವ ತಾಗದಿರಲೆಂದು ಕೀಬೋರ್ಡಿನ ಪೆಟ್ಟಿಗೆಗೆ ಸುಲೇವಿ ತನ್ನ ಉಣ್ಣೆಯ ಕಂಬಳಿಯನ್ನೇ ಸುತ್ತಿಟ್ಟಿದ್ದ. ಅವಳು ಯಾವ ಕಡೆ ತಿರುಗಿದರೂ ಅಲ್ಲೊಂದು ಅಕ್ಕರೆ ಗೋಡೆಯಂತೆ ನಿಂತಿತ್ತು.

"ಕೊನೇದು ಕೊಡು." ಸುಲೇವಿ ಕೈಚಾಚಿದ.

ಅವಳು ಕೊಡಲಿಲ್ಲ. "ಗಡ್ಡೆ ಕಟ್ಟೋಕೆ ಮುಂಚೆ ನನ್ನನ್ನ ದಡಕ್ಕೆ ಬಿಟ್ಬಿಡು. ನನ್ನ ಕೈಲಿ ಇಲ್ಲಿರೋಕಾಗಲ್ಲ."

"ಚಳಿಗಾ?"

"ಚಳಿಗಲ್ಲ."

"ನನ್ನಿಂದಾನಾ?"

ಇರ್ಯಾ ಜೇಬಿನಲ್ಲಿದ್ದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಹೋಗ್ಬೇಕು ಅನ್ನಿಸಿದಾಗ ಹೋಗೋಕಾಗಲ್ವಲ್ಲ, ಅದಕ್ಕೆ."

"ಮತ್ತೆ ಇದೆಲ್ಲ ಯಾರಿಗೆ ಅಂತ ಮಾಡ್ದೆ ನಾನು?" ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಆಮೇಲೆ ಅವನು ಬಿಗಿದಿದ್ದ ಎರಡೂ ಪಟ್ಟಿಗಳನ್ನು ಬಿಚ್ಚಿದ. ಬಟ್ಟೆಯಿಂದ ಒರೆಸಿ, ಎದ್ದು ಬಂದು ಅವಳ ಜೇಬಿಗೇ ಹಾಕಿದ.

"ಗಡ್ಡೆ ಮೇಲೆ ನಡೆಯೋ ಹಾಗಾದ್ಮೇಲೆ ಬಾ. ಬರೋವಾಗ ಇವನ್ನೂ ತಗೊಂಡ್ ಬಾ. ಅಲ್ಲೀವರೆಗೆ ಹಳೇ ಸೋಲಾರ್ ಪ್ಯಾನಲ್ಲು, ಒಂದು ಬ್ಯಾಟರಿ. ಒಬ್ಬನಿಗೆ ಹನ್ನೆರಡು ಸಾಕು."

ಸಂಜೆ ಇರ್ಯಾ ಕಾಫಿ ಕಾಸಿ, ಏಲಕ್ಕಿಯ ಬನ್ನು ಕತ್ತರಿಸಿದಳು. ಸುಲೇವಿ ದೊಡ್ಡ ತುಂಡನ್ನು ಅವಳ ತಟ್ಟೆಗೇ ಹಾಕಿದ. ಹೋಗುವ ದಿನ ಯಾವುದೆಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಕದಲಿದಾಗಲೆಲ್ಲ ಜೇಬಿನಲ್ಲಿ ಪಟ್ಟಿಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವನ್ನು ತೆಗೆದು ಬೇರೆಡೆ ಇಡಲು ಅವಳಿಗೆ ಧೈರ್ಯ ಬರಲಿಲ್ಲ.

ಅಪ್ಪನ ದೀಪದ ಬೆಳಕು ಮೇಜಿನ ಒಂದು ಬದಿಗಷ್ಟೇ ಸಾಲುತ್ತಿತ್ತು. ಇರ್ಯಾ ಹೆಣಿಗೆ ಕೈಗೆತ್ತಿಕೊಂಡಳು. ಸುಲೇವಿ ದೀಪವನ್ನು ಅವಳ ಕಡೆಗೆ ಸರಿಸಿದ. ಅವನ ಮುಖ ಆಚೆ ಕತ್ತಲಲ್ಲಿ ಉಳಿಯಿತು.